ಡೆಮೊ ಅಕ್ಕನ ಬ್ರೋಷರುಗಳು

ಮಗುವಿನ ಮುಷ್ಟಿಯಲ್ಲಿ ಸಿಕ್ಕಿದ್ದು ಒಂದು ಸ್ಟೇಪ್ಲರ್ ಪಿನ್ನು. ತುಕ್ಕು ಹಿಡಿದು ಕೆಂಪಾಗಿ, ಎರಡು ತುದಿಯೂ ಒಳಕ್ಕೆ ಬಾಗಿ, ಸತ್ತ ಹುಳುವಿನ ಹಾಗಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಬಾಯಿಗೆ ಹೋಗಿರುತ್ತಿತ್ತು. ಒಂಬತ್ತು ತಿಂಗಳ ಮಗು, ಈಗಷ್ಟೇ ಅಂಬೆಗಾಲು. ನೆಲದ ಮೇಲೆ ಏನು ಕಂಡರೂ ಮೊದಲು ಬಾಯಿಗೆ, ವಿಚಾರಣೆ ಏನಿದ್ದರೂ ಆಮೇಲೆ.

ತಾಯಿ ಆ ಪಿನ್ನನ್ನು ಅಂಗೈ ಮೇಲಿಟ್ಟುಕೊಂಡು ಗಂಡನ ಅಕ್ಕನ ಕೋಣೆಯ ಬಾಗಿಲಿಗೆ ಬಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ಅತ್ತಿಗೆ, ಇದು ನಿಮ್ಮದೇ ಅಲ್ವಾ?"

ಆ ಮನೆಯಲ್ಲಿ ಮೂವತ್ತೈದು ವರ್ಷ ಹಳೆಯ ಪಿನ್ನು ಇನ್ಯಾರದ್ದಾಗಿರಲು ಸಾಧ್ಯ? ಅತ್ತಿಗೆ ಮಂಚದ ತುದಿಯಲ್ಲಿ ಕೂತು ಹಾಳೆಗಳನ್ನು ಬಿಡಿಸುತ್ತಿದ್ದವಳು ಕನ್ನಡಕ ತೆಗೆದಳು. ಎದ್ದು ಬರಲು ನೋಡಿದಳು, ಮಂಡಿ ಬಿಡಲಿಲ್ಲ. ಹಾಗೇ ಕೂತು ಕೈಚಾಚಿ ಪಿನ್ನು ಇಸಕೊಂಡಳು.

"ಎಣಿಸಿ ಡಬ್ಬಿಗೆ ಹಾಕಿದ್ದೆ ಕಣೆ."

"ನೀವು ಎಣಿಸ್ತೀರಿ ಅತ್ತಿಗೆ, ಅವನು ಎಣಿಸಲ್ಲ."

ಸಂಜೆ ಕೆಲಸದಿಂದ ಬಂದ ಅತ್ತಿಗೆಯ ತಮ್ಮ ಚಪ್ಪಲಿ ಬಿಡುವ ಮೊದಲೇ ಹೆಂಡತಿಯ ಮುಖ ನೋಡಿ ಅರ್ಧ, ಅವಳು ಹೇಳಿದ ಮೇಲೆ ಇನ್ನರ್ಧ ತಿಳಿದುಕೊಂಡು, ಅಕ್ಕನ ಕೋಣೆಗೆ ಬಂದು ಗೋಡೆಗೊರಗಿ ನಿಂತ.

"ಅಕ್ಕ, ತಿಂಗಳ ಕೊನೆಗೆ ಈ ಕಾಗದ ಎಲ್ಲ ಹೊರಗೆ ಹಾಕಿಬಿಡೋಣ. ನಿನ್ನ ಮಂಚ ಇರಲಿ, ಬೀರು ಇರಲಿ, ನೀನಂತೂ ಇರಲೇಬೇಕು. ಕಾಗದ ಮಾತ್ರ ಬೇಡ. ಧೂಳಿಗೆ ಮಗು ರಾತ್ರಿಯೆಲ್ಲ ಗೊರಗೊರ ಅನ್ನುತ್ತೆ ಅಂತ ಇವಳು ನಿದ್ದೆ ಮಾಡಲ್ಲ, ಇವಳು ಮಾಡಲ್ಲ ಅಂತ ನಾನೂ ಮಾಡಲ್ಲ."

"ಸರಿ."

"ಎಷ್ಟು ಉಳಿದಿದೆ?"

"ನಾನೂರ ಹತ್ತು."

"ದಿನಕ್ಕೆಷ್ಟು ಸ್ಕ್ಯಾನ್ ಮಾಡ್ತೀಯ?"

"ಐದು. ಕಣ್ಣು ಮಾತು ಕೇಳಿದ ದಿನ ಆರು."

ಅವತ್ತು ನಾಲ್ಕನೇ ತಾರೀಖು. ತಮ್ಮ ಬೆರಳು ಮಡಚಿ ಲೆಕ್ಕ ಹಾಕಲು ಹೊರಟವನು ಅರ್ಧಕ್ಕೇ ಕೈ ಕೆಳಗೆ ಬಿಟ್ಟ. ಅವಳಿಗೂ ಗೊತ್ತಿತ್ತು. ಅವಳು ಕೆಲಸ ಮಾಡುವ, ಸ್ಕ್ಯಾನರ್ ಇರುವ ಜೆರಾಕ್ಸ್ ಅಂಗಡಿಗೆ ಭಾನುವಾರ ರಜೆ. ಅದನ್ನು ಕಳೆದರೆ ನೂರಿಪ್ಪತ್ತು ಮುಗಿದರೆ ಹೆಚ್ಚು. ಮಿಕ್ಕ ಮುನ್ನೂರು ಯಾರೂ ನೋಡದೆ ಹಳೆ ಪೇಪರಿನ ಅಂಗಡಿಯ ತಕ್ಕಡಿ ಹತ್ತುತ್ತವೆ. ಅವು ಬೇರೆ ಎಲ್ಲೂ ಇಲ್ಲವೆಂದು ಅವಳಿಗೆ ಒಂದು ನಂಬಿಕೆ.

ಕಾಗದಗಳೆಂದರೆ ಬ್ರೋಷರುಗಳು. ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್, ಕೀಲಿಮಣೆಯೊಳಗೇ ಇಡೀ ಯಂತ್ರ ಅಡಗಿಸಿಕೊಂಡ ಹೋಮ್ ಕಂಪ್ಯೂಟರ್, ಜಾಯ್‌ಸ್ಟಿಕ್ಕು, ಲೈಟ್ ಹೊಡೆಯುವ ಆಟದ ಪಿಸ್ತೂಲು, ಇವೆಲ್ಲ ಮನೆಮನೆಗೆ ಹೊಸದಾಗಿ ಬಂದ ಕಾಲದಲ್ಲಿ ಕಂಪನಿಗಳು ಅಂಗಡಿಗೆ ಕಟ್ಟುಗಟ್ಟಲೆ ಕಳಿಸುತ್ತಿದ್ದ ಬಣ್ಣದ ಹಾಳೆಗಳು. ಅವಳು ಹತ್ತೊಂಬತ್ತನೇ ವಯಸ್ಸಿಗೆ ಅಂಥದೊಂದು ಅಂಗಡಿಯಲ್ಲಿ ಡೆಮೊ ಕೊಡುವ ಕೆಲಸಕ್ಕೆ ಸೇರಿದ್ದಳು. ಆಗ ಹತ್ತಿದ ಹೆಸರು ಡೆಮೊ ಅಕ್ಕ. ಅಂಗಡಿ ಮುಚ್ಚಿತು, ಯಂತ್ರಗಳು ಹೋದವು, ಹೆಸರು ಮಾತ್ರ ಉಳಿದು ಅವಳ ಜೊತೆ ಐವತ್ತಾರಕ್ಕೆ ಬಂದು ನಿಂತಿದೆ.

ಆ ಕೆಲಸ ನೋಡುವವರಿಗೆ ಆಟ. ಮಾಡುವವರಿಗೆ ಗಂಟಲು ಒಣಗುವ ದುಡಿಮೆ. ಕಂಪ್ಯೂಟರಿಗೆ ಆಟ ತುಂಬಬೇಕಾದರೆ ಕ್ಯಾಸೆಟ್ ಹಾಕಬೇಕು. ಕ್ಯಾಸೆಟ್ ಐದೂವರೆ ನಿಮಿಷ ಕೀ ಎಂದು ಕಿರುಚುತ್ತದೆ. ವಾಲ್ಯೂಮ್ ಏಳರ ಗೆರೆಯಲ್ಲೇ ಇರಬೇಕು, ಎಂಟಾದರೂ ಕೆಟ್ಟಿತು, ಆರಾದರೂ ಕೆಟ್ಟಿತು. ಯಾವನಾದರೂ ಮೇಜು ಅಲ್ಲಾಡಿಸಿದರೆ ಮೊದಲಿಂದ ಶುರು. ಆ ಐದೂವರೆ ನಿಮಿಷ ಗಿರಾಕಿ ಎದ್ದು ಹೋಗದಂತೆ ಹಿಡಿದು ಕೂರಿಸುವುದೇ ಡೆಮೊ ಅಕ್ಕನ ಅಸಲು ಕೆಲಸ. ಅದಕ್ಕೆ ಅವಳ ಕೈಯಲ್ಲಿದ್ದ ಅಸ್ತ್ರವೆಂದರೆ ಬ್ರೋಷರು. ಬೆಲೆಯ ಪುಟ ಕೊನೆಗೆ ಬರುವ ಹಾಗೆ ಮಡಚಿಟ್ಟುಕೊಂಡು, ಒಂದೊಂದೇ ಮಡಿಕೆ ಬಿಡಿಸುತ್ತ, "ನೋಡಿ ಸಾರ್, ಇಡೀ ಮನೆ ಕೂತು ಆಡಬಹುದು" ಎನ್ನುತ್ತಿದ್ದಳು.

ಇಡೀ ಮನೆ ಚಿತ್ರದಲ್ಲಿ ಇದ್ದೇ ಇರುತ್ತಿತ್ತು. ಅಪ್ಪ ಪರದೆಗೆ ಬೆರಳು ತೋರಿಸುತ್ತಿರುತ್ತಾನೆ, ಮಗ ಜಾಯ್‌ಸ್ಟಿಕ್ ಹಿಡಿದಿರುತ್ತಾನೆ, ಮಗಳು ಚಪ್ಪಾಳೆ ತಟ್ಟುತ್ತಿರುತ್ತಾಳೆ. ಅಮ್ಮ ಸೋಫಾದ ಹಿಂದೆ ತಟ್ಟೆ ಹಿಡಿದು ನಿಂತಿರುತ್ತಾಳೆ. ಕಂಪನಿ ಯಾವುದಾದರೇನು, ನಲವತ್ತು ಕಂಪನಿಯ ನಲವತ್ತು ಅಮ್ಮಂದಿರಲ್ಲಿ ಒಬ್ಬಳಿಗೂ ಕೂರಲು ಜಾಗವಿಲ್ಲ, ಎಲ್ಲರ ಮುಖದಲ್ಲೂ ನಗು. ತಮ್ಮನ ಹೆಂಡತಿ ಬಾಣಂತಿಯಾಗಿದ್ದಾಗ ಒಂದು ಮಧ್ಯಾಹ್ನ ಇದನ್ನು ತೋರಿಸಿದ್ದಕ್ಕೆ ಅವಳು ನಕ್ಕು ನಕ್ಕು ಅತ್ತೇಬಿಟ್ಟಿದ್ದಳು. ಆಮೇಲೆ ಅತ್ತದ್ದಕ್ಕೆ ಹಾಲು ಕಮ್ಮಿಯಾಗುತ್ತದೇನೋ ಎಂದು ಗಾಬರಿಯಾಗಿ ಡಾಕ್ಟರಿಗೆ ಫೋನು ಮಾಡಿದ್ದಳು.

ಹೊಸ ಮಾದರಿ ಬಂದಾಗಲೆಲ್ಲ ಅಂಗಡಿಯ ಯಜಮಾನರು ಹಳೆಯ ಬ್ರೋಷರುಗಳನ್ನು ತೂಕಕ್ಕೆ ಹಾಕಿಸುತ್ತಿದ್ದರು. ಅದಕ್ಕೆ ಮುಂಚೆ ಅವಳು ಪ್ರತಿಯೊಂದರಲ್ಲೂ ಒಂದನ್ನು ಎತ್ತಿಟ್ಟುಕೊಳ್ಳುತ್ತಿದ್ದಳು. ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ದಿನಕ್ಕೆ ಮೂವತ್ತು ಸಲ ಬಿಡಿಸಿ ಮಡಚಿದ ಹಾಳೆ ಕೈಗೆ ಅಂಟಿಕೊಂಡುಬಿಡುತ್ತದೆ, ಅಷ್ಟೆ. ಅಂಗಡಿ ಮುಚ್ಚಿದಾಗ ಪಕ್ಕದ ಬೀದಿಯ ಇನ್ನೆರಡು ಅಂಗಡಿಗಳವರೂ ತಮ್ಮಲ್ಲಿದ್ದದ್ದನ್ನು ತಂದು ಅವಳ ತಲೆಗೇ ಕಟ್ಟಿದರು. ಒಟ್ಟು ಸಾವಿರದ ನೂರ ನಲವತ್ತು.

ಆಮೇಲಿನ ಬದುಕೆಲ್ಲ ಜೆರಾಕ್ಸ್ ಅಂಗಡಿಯಲ್ಲಿ. ಇಪ್ಪತ್ತೆರಡು ವರ್ಷ ನಿಂತೇ ಕಳೆದಳು; ಮಂಡಿ ಹೋದದ್ದು ಅಲ್ಲೇ. ಎರಡು ವರ್ಷದ ಹಿಂದೆ ಅಂಗಡಿಗೆ ದೊಡ್ಡ ಸ್ಕ್ಯಾನರ್ ಬಂದಾಗ, ವಾರಕ್ಕೆ ಒಂದೆರಡು ದಿನ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಯಿಲ್ಲದ ಹೊತ್ತಿನಲ್ಲಿ ಬ್ರೋಷರುಗಳನ್ನು ಸ್ಕ್ಯಾನ್ ಮಾಡಿ, ಹಳೇ ಕಂಪ್ಯೂಟರಿನ ಹುಚ್ಚಿನವರು ನಡೆಸುವ ಒಂದು ಜಾಲತಾಣಕ್ಕೆ ಹಾಕತೊಡಗಿದಳು. ಯಾರು ಬೇಕಾದರೂ ನೋಡಬಹುದು, ಇಳಿಸಿಕೊಳ್ಳಬಹುದು. ಎಲ್ಲೆಲ್ಲಿಂದಲೋ ಥ್ಯಾಂಕ್ಸ್ ಬರುತ್ತಿತ್ತು.

ಹಾಕುವ ಮುಂಚೆ ಅವಳದೊಂದು ಶಿಸ್ತಿತ್ತು. ಜೆರಾಕ್ಸ್ ಅಂಗಡಿಯವರಿಗೆ ಕಲೆ ಕಂಡರಾಗದು. ಪ್ರತಿಯಲ್ಲಿ ಒಂದು ಕರಿ ಚುಕ್ಕೆ ಬಿದ್ದರೆ ಗಿರಾಕಿ ಮುಖಕ್ಕೆ ಎಸೆಯುತ್ತಾನೆ. ಹಳೇ ಮದುವೆ ಫೋಟೊದ ಬೂಸ್ಟು, ಅಂಕಪಟ್ಟಿಯ ಮೇಲೆ ಚೆಲ್ಲಿದ ಕಾಫಿ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮೂಲಕ್ಕಿಂತ ಚೆನ್ನಾಗಿ ತೆಗೆಯುವುದರಲ್ಲಿ ಅವಳ ಕೈ ಎತ್ತಿದ ಕೈ. ಬ್ರೋಷರನ್ನೂ ಹಾಗೇ ತೊಳೆಯುತ್ತಿದ್ದಳು. ಮಡಿಕೆಯ ಗೆರೆ, ಗಿರಾಕಿ ಇಟ್ಟ ಲೋಟದ ವೃತ್ತ, ಸೇಲ್ಸಿನವರು ಪೆನ್ನಿನಲ್ಲಿ ಗೀಚಿದ ರಿಯಾಯಿತಿ, ಹಿಂದಿನ ಪುಟದ ಚೌಕದಲ್ಲಿ ಅಂಗಡಿಯ ನೇರಳೆ ಸೀಲು. ಒಂದೊಂದಕ್ಕೆ ಇಪ್ಪತ್ತು ನಿಮಿಷ, ಇಪ್ಪತ್ತೈದು ನಿಮಿಷ. ಮುಗಿದಾಗ ಹಾಳೆ ಪ್ರೆಸ್ಸಿನಿಂದ ಈಗ ಬಂದಂತೆ ಹೊಳೆಯುತ್ತಿತ್ತು. ಹೊಳೆಯುವುದು ಉಳಿಯಿತಲ್ಲ, ಕೊಳೆ ಹಾಳೆ ಯಾಕೆಂದು, ಮಗು ಬರುವ ಸುದ್ದಿ ಗೊತ್ತಾದಂದಿನಿಂದ ಮುಗಿದ ಕಟ್ಟುಗಳನ್ನು ತಮ್ಮನ ಕೈಯಲ್ಲಿ ಹಳೆ ಪೇಪರಿಗೆ ಕಳಿಸಿಬಿಡುತ್ತಿದ್ದಳು. ಹಾಗೆ ಏಳುನೂರ ಮೂವತ್ತು ಹೋಗಿದ್ದವು.

ಪಿನ್ನಿನ ಪ್ರಸಂಗವಾದ ಮೇಲೆ ಹಾಳೆ ಬಿಡಿಸುವ ಕೆಲಸವನ್ನೂ ಅಂಗಡಿಗೇ ಒಯ್ದಳು. ಪಿನ್ನುಗಳಿಗೆ ಮುಚ್ಚಳ ಬಿಗಿಯಿರುವ ಬಾಟಲಿ. ಸಂಜೆ ಮನೆಗೆ ಬಂದರೆ ತಮ್ಮನ ಹೆಂಡತಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಕೇಳುತ್ತಿದ್ದಳು, "ಇವತ್ತೆಷ್ಟು?"

"ಐದು ಬ್ರೋಷರು, ಹತ್ತು ಪಿನ್ನು. ಬೇಕಾದ್ರೆ ಎಣಿಸ್ಕೋ."

ಅವಳು ನಾಚಿಕೆಯಿಂದಲೇ ಎಣಿಸುತ್ತಿದ್ದಳು.

ಆರನೇ ದಿನ ಅಂಗಡಿಗೆ ಫೋನು ಬಂತು. ಜಾಲತಾಣದಲ್ಲಿ ಅವಳು ಅಂಗಡಿಯ ನಂಬರನ್ನೇ ಕೊಟ್ಟಿದ್ದಳು.

"ಮೇಡಂ, ನಾನು ಟಿವಿ ಮೆಕ್ಯಾನಿಕ್. ಅಂದ್ರೆ ಆಗಿದ್ದೆ. ಈಗ ಟಿವಿ ರಿಪೇರಿ ಯಾರು ಮಾಡಿಸ್ತಾರೆ ಹೇಳಿ, ಗೋಡೆಯಿಂದ ಕಿತ್ತು ಎಸೀತಾರೆ. ಬಿಡುವು ಜಾಸ್ತಿ, ಅದಕ್ಕೇ ಒಂದು ಪಟ್ಟಿ ಮಾಡ್ತಾ ಇದ್ದೀನಿ."

ಯಾವ ಗೇಮು, ಯಾವ ಕಂಪ್ಯೂಟರು, ಯಾವ ಊರಿನ ಅಂಗಡಿಗೆ ಯಾವತ್ತು ಬಂತು ಎಂಬ ಪಟ್ಟಿ ಅದು. ಕಂಪನಿ ಹೇಳುವ ತಾರೀಖೇ ಬೇರೆ, ಅಂಗಡಿಯ ಮೇಜಿಗೆ ಬಂದ ತಾರೀಖೇ ಬೇರೆ. ಕೆಲವು ಕಡೆ ಎರಡು ವರ್ಷದ ಅಂತರ. ಪುಸ್ತಕಗಳಲ್ಲಿ ಇದಿಲ್ಲ. ಇರುವುದು ಬ್ರೋಷರಿನ ಬೆನ್ನಿನಲ್ಲಿ, ಅಂಗಡಿಯವರು ಹಾಕಿದ ತಾರೀಖಿನ ಸೀಲಿನಲ್ಲಿ.

"ನಿಮ್ಮ ಏಳುನೂರಕ್ಕೂ ಮಿಕ್ಕಿ ನೋಡಿದೆ ಮೇಡಂ. ಎಲ್ಲದರಲ್ಲೂ ಆ ಚೌಕ ಖಾಲಿ. ನಿಮ್ಮ ಅಂಗಡೀಲಿ ಸೀಲು ಹಾಕ್ತಾ ಇರ್ಲಿಲ್ವಾ?"

"ಹಾಕ್ತಿದ್ವಿ."

"ಮತ್ತೆ?"

"ನಾನು ಅಳಿಸಿದೆ."

ಆ ಕಡೆ ಪೆನ್ನು ಕೆಳಗಿಟ್ಟ ಸದ್ದು ಕೇಳಿತು.

"ಯಾಕೆ ಮೇಡಂ?"

"ಕೊಳೆ ಅಂತ."

"ಅಳಿಸೋ ಮುಂಚಿನ ಪ್ರತಿ ಇರಬಹುದಲ್ಲ?"

"ಅದರ ಮೇಲೇ ಸೇವ್ ಮಾಡ್ತಿದ್ದೆ. ಅಂಗಡಿ ಕಂಪ್ಯೂಟರಲ್ಲಿ ಜಾಗ ಇಲ್ಲ."

"ಹಾಳೆ?"

"ತೂಕಕ್ಕೆ ಹೋಯ್ತು."

ಮೆಕ್ಯಾನಿಕ್ ಬೈಯಲಿಲ್ಲ. ಕೆಟ್ಟ ಟಿವಿ ಬಿಚ್ಚಿ ನೋಡಿ, ಇದು ಆಗಲ್ಲ ಸ್ವಾಮಿ ಎಂದು ಮನೆಯವರಿಗೆ ಹೇಳಿ ಅಭ್ಯಾಸವಿರುವವನ ದನಿಯಲ್ಲಿ ಹೇಳಿದ. "ಕಂಪನಿ ಲಕ್ಷಗಟ್ಟಲೆ ಅಚ್ಚು ಹಾಕಿಸಿದ್ದು ಮೇಡಂ. ಚಿತ್ರ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತೆ. ನಿಮ್ಮದಕ್ಕಿಂತ ಚೊಕ್ಕ ಇರೋದೂ ಸಿಗುತ್ತೆ. ನಿಮ್ಮ ಅಂಗಡಿ ಸೀಲು ನಿಮ್ಮ ಹತ್ರ ಬಿಟ್ಟು ಇನ್ನೆಲ್ಲಿ ಸಿಗಬೇಕು? ಹೋಗ್ಲಿ ಬಿಡಿ. ಉಳಿದಿರೋದು ಏನಾದ್ರೂ ಇದ್ರೆ ಮುಟ್ಟಬೇಡಿ, ಹಾಗೇ ಹಾಕಿ. ಹಾಳೇನ ಮಾತ್ರ ಎಸೀಬೇಡಿ, ಕೈ ಮುಗೀತೀನಿ."

ಫೋನಿಟ್ಟ ಮೇಲೆ ಯಾರೋ ಗುರುತಿನ ಚೀಟಿಯ ಎರಡೂ ಮುಖ ಒಂದೇ ಹಾಳೆಯಲ್ಲಿ ಬೇಕೆಂದರು. ಇಪ್ಪತ್ತೆರಡು ವರ್ಷ ಕಣ್ಣುಮುಚ್ಚಿ ಮಾಡಿದ ಕೆಲಸ. ಅವಳು ಒಂದೇ ಮುಖವನ್ನು ಎರಡು ಸಲ ತೆಗೆದುಕೊಟ್ಟಳು.

ಆ ಸೀಲನ್ನು ಹಾಕುತ್ತಿದ್ದವಳೂ ಅವಳೇ. ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಮೊದಲ ಕೆಲಸವೇ ಅದು: ಬಂದ ಕಟ್ಟು ಬಿಚ್ಚಿ, ತಾರೀಖಿನ ಚಕ್ರ ತಿರುಗಿಸಿ, ನೇರಳೆ ಪ್ಯಾಡಿಗೆ ಒತ್ತಿ, ಪ್ರತಿ ಬ್ರೋಷರಿನ ಬೆನ್ನಿಗೆ ಒಂದೊಂದು. ಸೊಟ್ಟಗಾದರೆ ಯಜಮಾನರು, "ಏನಮ್ಮ, ಸೀಲಿಗೆ ನಿದ್ದೆ ಬಂದಿದ್ಯಾ?" ಎನ್ನುತ್ತಿದ್ದರು. ಬೆರಳಿನ ಸಂದಿಯ ನೇರಳೆ ಬಣ್ಣ ಭಾನುವಾರಕ್ಕೂ ಹೋಗುತ್ತಿರಲಿಲ್ಲ. ಕಣ್ಣು ನೀರು ಸುರಿಸಿಕೊಂಡು, ಕುತ್ತಿಗೆ ಹಿಡಿಸಿಕೊಂಡು, ಎರಡು ವರ್ಷದ ಬಿಡುವಿನ ಮಧ್ಯಾಹ್ನಗಳನ್ನೆಲ್ಲ ಸುರಿದು ಅದನ್ನೇ ಕೆರೆದು ಹಾಕಿದ್ದಳು. ಯಾರೂ ಹೇಳಿರಲಿಲ್ಲ ಹಾಗೆ ಮಾಡೆಂದು.

ಮರುದಿನ ಸ್ಕ್ಯಾನರಿನ ಹತ್ತಿರ ಹೋಗಲಿಲ್ಲ. ಎರಡರಿಂದ ನಾಲ್ಕು ಸ್ಟೂಲಿನ ಮೇಲೆ ಸುಮ್ಮನೆ ಕೂತಳು. ಜೆರಾಕ್ಸ್ ಅಂಗಡಿಯವನು ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. ಮೊದಲ ಸಲ ಅವಳು ಕೂತದ್ದನ್ನು ನೋಡಿ, "ಅಕ್ಕಾ, ಸ್ಟೂಲಿಗೆ ಗಾಬರಿಯಾಗಿದೆ, ಎದ್ದೇಳಿ" ಎಂದ. ಅವಳು ನಗಲಿಲ್ಲವಾದ್ದರಿಂದ ಒಂದು ಲೋಟ ಟೀ ತಂದಿಟ್ಟ.

ಅದರ ಮರುದಿನ ಒಂದು ಬ್ರೋಷರು ತೆಗೆದು ಗಾಜಿನ ಮೇಲಿಟ್ಟಳು. ಬೆಳಕು ಹರಿದು ಹೋಯಿತು. ಪರದೆಯ ಮೇಲೆ ಸೊಟ್ಟ ಸೀಲು, ಅಡ್ಡ ಮಡಿಕೆ, ಮೂಲೆಯಲ್ಲಿ ಪೆನ್ನಿನಲ್ಲಿ 'ಮತ್ತೆ ಸೋಮವಾರ ಬರುತ್ತಾರಂತೆ' ಎಂಬ ಬರಹ. ಸೇಲ್ಸಿನವರು ಯಾವ ಗಿರಾಕಿಯ ಬಗ್ಗೆ ಬರೆದದ್ದೋ. ಕೈ ತಾನಾಗಿ ಅಳಿಸುವ ಗುಂಡಿಗೆ ಹೋಯಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು, ಅಳುವ ಮಗುವನ್ನು ಎತ್ತಿಕೊಳ್ಳದೆ ನಿಲ್ಲುವಷ್ಟು ಕಷ್ಟವಾಯಿತು. ಹಾಗೇ ಹಾಕಿದಳು. ಮೈಮೇಲೆ ಕೊಳೆ ಬಟ್ಟೆ ಹಾಕಿಕೊಂಡು ಬೀದಿಗೆ ಬಂದ ಹಾಗೆನಿಸಿತು.

ಅಂಗಡಿಯವನು ಹಿಂದಿನಿಂದ ಇಣುಕಿದ. "ಅಕ್ಕಾ, ಕಲೆ ಬಿಟ್ಟುಬಿಟ್ಟಿದ್ದೀರಲ್ಲ. ಮೈಗೆ ಹುಷಾರಿಲ್ವಾ?"

"ಇನ್ಮೇಲೆ ಹೀಗೇ."

"ಅಯ್ಯೋ, ಗಿರಾಕೀದಲ್ಲ ತಾನೆ?"

"ಗಿರಾಕೀದಲ್ಲ ಮಾರಾಯ, ನಂದು."

ಆ ಮಧ್ಯಾಹ್ನ ನಾಲ್ಕು ಹೊಡೆಯುವಷ್ಟರಲ್ಲಿ ಇಪ್ಪತ್ತನಾಲ್ಕು ಮುಗಿದಿತ್ತು. ಅವಳು ಎರಡು ಸಲ ಎಣಿಸಿದಳು. ತಿಂಗಳ ಕೊನೆಗೆ ಇನ್ನೂ ಹದಿನಾರು ಕೆಲಸದ ದಿನಗಳಿದ್ದವು. ಎಲ್ಲವೂ ಮುಗಿಯುತ್ತದೆ. ಅಂದರೆ ತೊಳೆಯದೆ ಹಾಕಿದ್ದರೆ ಮೊದಲಿಂದಲೂ ಮುಗಿಯುತ್ತಿತ್ತು, ಮಗು ಹುಟ್ಟುವ ಮುಂಚೆಯೇ ಮುಗಿದು ಕೋಣೆ ಖಾಲಿಯಾಗಿರುತ್ತಿತ್ತು. ಸಮಾಧಾನ ಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಚೀಲ ಹೆಗಲಿಗೇರಿಸಿ ಮನೆಗೆ ನಡೆದಳು.

"ಇವತ್ತೆಷ್ಟು?"

"ನಲವತ್ತೆಂಟು ಪಿನ್ನು."

ತಮ್ಮನ ಹೆಂಡತಿ ಬಾಟಲಿಯನ್ನು ಬೆಳಕಿಗೆ ಹಿಡಿದವಳು ಅತ್ತಿಗೆಯ ಮುಖ ನೋಡಿ ಕೆಳಗಿಟ್ಟಳು. "ಏನಾಯ್ತು ಅತ್ತಿಗೆ?"

ಹೇಳಿದಳು. ಹೇಳುತ್ತಿರುವಾಗಲೇ ಮಗು ಅವಳ ಸೆರಗು ಹಿಡಿದು ಎದ್ದು ನಿಲ್ಲಲು ನೋಡಿ ಕುಕ್ಕರಿಸಿತು. ತಾಯಿ ಹಿಡಿಯಲು ಓಡಿಬರಲಿಲ್ಲ. ಅಷ್ಟು ಗಮನ ಕೊಟ್ಟು ಕೇಳುತ್ತಿದ್ದಳು.

"ನಾನೂ ಮೊನ್ನೆ ಇವನ ಫೋಟೊದಲ್ಲಿ ಮೂಗು ಸುರೀತಿದ್ದದ್ದನ್ನ ಫೋನಲ್ಲೇ ಒರೆಸಿ ಎಲ್ಲರಿಗೂ ಕಳಿಸಿದೆ," ಎಂದಳು. "ನೆಗಡಿ ಅಂತ ಗೊತ್ತಾದ್ರೆ ನಮ್ಮಮ್ಮ ನನಗೆ ಬಯ್ತಾರೆ ಅಂತ."

"ಮೊದಲಿಂದು ಇಟ್ಕೊಂಡಿದ್ದೀಯ?"

"ಇದೆ."

"ಇರ್ಲಿ, ತೆಗೀಬೇಡ."

ಇಪ್ಪತ್ತೊಂಬತ್ತನೇ ತಾರೀಖಿಗೆ ಕೊನೆಯದು ಮುಗಿಯಿತು. ನಾನೂರ ಹತ್ತಕ್ಕೂ ಸೀಲು, ಕಲೆ, ಗೀಚು ಎಲ್ಲ ಸಮೇತ. ಫೋನು ಬರುವ ಮುಂಚೆ ಆ ವಾರ ತೊಳೆದಿದ್ದವನ್ನೂ, ಹಾಳೆ ಇನ್ನೂ ಇದ್ದುದರಿಂದ, ಮತ್ತೆ ಸ್ಕ್ಯಾನ್ ಮಾಡಿ ಹಾಕಿದ್ದಳು. ಹಾಳೆಗಳನ್ನು ಏನು ಮಾಡುವುದೆಂದು ಮೆಕ್ಯಾನಿಕ್‌ಗೇ ಕೇಳಿದ್ದಳು. "ನನ್ನ ಹತ್ರ ಕಬ್ಬಿಣದ ಬೀರು ಇದೆ ಮೇಡಂ, ಟಿವಿ ಸಾಮಾನು ಇಡ್ತಿದ್ದದ್ದು. ಈಗ ಅದಕ್ಕೂ ನನ್ನ ಹಾಗೇ ಕೆಲಸ ಇಲ್ಲ. ಕಳಿಸಿ," ಎಂದಿದ್ದ. ತಮ್ಮ ಎರಡು ಪೆಟ್ಟಿಗೆ ಕಟ್ಟಿ ಪಾರ್ಸೆಲ್ ಮಾಡಿ ಬಂದ. ಇಷ್ಟು ದಿನ ತೂಕಕ್ಕೆ ಹಾಕಿ ಬರುತ್ತಿದ್ದವನು ಇವತ್ತು ರಸೀದಿಯನ್ನು ಅಕ್ಕನ ಕೈಗೆ ಜೋಪಾನವಾಗಿ ಕೊಟ್ಟ. ತಪ್ಪು ಅವನದಲ್ಲದಿದ್ದರೂ ಅವನ ಮುಖ ಸಣ್ಣಗಾಗಿತ್ತು. ಕೋಣೆ ಗುಡಿಸಿ ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿದ್ದು ತಮ್ಮನ ಹೆಂಡತಿ. ಆ ರಾತ್ರಿ ಮಗು ಗೊರಗೊರ ಎನ್ನಲಿಲ್ಲ ಎಂದು ಅವಳು ಹೇಳಿದಳು. ಅಂದಿತೆಂದು ತಮ್ಮ ಹೇಳಿದ.

ಉಳಿದದ್ದು ಜಾಲತಾಣದಲ್ಲಿದ್ದ ಆ ಏಳುನೂರ ಮೂವತ್ತು. ಅವುಗಳನ್ನು ತೆಗೆದುಹಾಕಲು ಡೆಮೊ ಅಕ್ಕನಿಗೆ ಮನಸ್ಸು ಬರಲಿಲ್ಲ, ಹಾಗೇ ಬಿಡಲೂ ಬರಲಿಲ್ಲ. ನೋಡುವವರು ಆ ಚೌಕ ಮೊದಲಿಂದಲೂ ಖಾಲಿಯಿತ್ತು ಎಂದುಕೊಳ್ಳುತ್ತಾರೆ. ಪ್ರತಿಯೊಂದರ ಕೆಳಗೂ ಎರಡು ಸಾಲು ಬರೆಯುವುದೆಂದು ತೀರ್ಮಾನಿಸಿದಳು. ಇಲ್ಲಿ ಏನಿತ್ತು, ಯಾರು ತೆಗೆದರು. ಕಣ್ಣು ಇನ್ನು ಸಾಕೆನ್ನುತ್ತಿದ್ದರಿಂದ ಭಾನುವಾರ ಮಧ್ಯಾಹ್ನ ಮಗು ಮಲಗಿದ ಹೊತ್ತಿನಲ್ಲಿ ತಮ್ಮನ ಹೆಂಡತಿ ಟೈಪ್ ಮಾಡಲು ಕೂತಳು. ಅತ್ತಿಗೆ ಖಾಲಿ ಕೋಣೆಯಲ್ಲಿ ಗೋಡೆಗೊರಗಿ ಕಾಲು ಚಾಚಿಕೊಂಡಳು.

ಮೊದಲನೆಯದು ನೆನಪಿತ್ತು. "ಸೀಲು ತಲೆಕೆಳಗು. ಅವತ್ತು ಕರೆಂಟ್ ಇರಲಿಲ್ಲ, ಕತ್ತಲಲ್ಲಿ ಒತ್ತಿದ್ದೆ. ಬೇಸಿಗೆ ರಜಾ ಶುರುವಾದ ವಾರ. ತಾರೀಖು ಗೊತ್ತಿಲ್ಲ. ಅಳಿಸಿದ್ದು ನಾನು. ಹಾಗಂತ ಬರಿ."

"ನಿಮ್ಮ ಹೆಸರು ಹಾಕ್ಲಾ?"

"ಡೆಮೊ ಮಾಡ್ತಿದ್ದೋಳು ಅಂತ ಹಾಕು, ಸಾಕು."

ಎರಡನೆಯದರಲ್ಲಿ ಲೋಟದ ಗುರುತಿತ್ತು, ಆ ಗಿರಾಕಿ ಗಂಟೆಗಟ್ಟಲೆ ಆಡಿ ಏನೂ ಕೊಳ್ಳದೆ ಹೋದವನು. ಮೂರನೆಯದು ಪಕ್ಕದ ಬೀದಿಯ ಅಂಗಡಿಯದು, ಅವರ ಸೀಲು ಹಸಿರು. ನಾಲ್ಕು, ಐದು, ಆರು ಒಂದೇ ಕಟ್ಟು, ಒಂದೇ ದಿನ ಬಂದದ್ದು. ಏಳನೆಯದನ್ನು ಅವಳು ಬಹಳ ಹೊತ್ತು ನೋಡಿದಳು. ಹೊಳೆಯುವ ಅಪ್ಪ, ಹೊಳೆಯುವ ಟಿವಿ, ಕೆಳಗೆ ಬಿಳಿ ಚೌಕ. ಕಣ್ಣು ಮುಚ್ಚಿ ನೋಡಿದಳು, ತೆಗೆದು ನೋಡಿದಳು.

"ಅತ್ತಿಗೆ, ಇದಕ್ಕೆ?"

"ಇದು ನೆನಪಿಲ್ಲ ಕಣೆ."

"ಬಿಟ್ಟು ಮುಂದೆ ಹೋಗ್ಲಾ?"

"ಬಿಡಬೇಡ. ಏನೋ ಇತ್ತು, ಏನಂತ ನೆನಪಿಲ್ಲ, ಅಳಿಸಿದ್ದು ನಾನು. ಹಾಗೇ ಹಾಕು."

ಅವಳು ಹಾಗೇ ಟೈಪ್ ಮಾಡಿದಳು. ಆಮೇಲೆ ಎಂಟನೆಯದನ್ನು ತೆರೆದಳು.